ಒಂದೂ ತಪ್ಪಿಲ್ಲದ ಕಚೇರಿ

ನೀರು ಸರಬರಾಜು ಕಚೇರಿಯ ಹಜಾರದ ಗೋಡೆಗೆ ಕೇಂದ್ರ ಕಚೇರಿಯವರು ಕಂಪ್ಯೂಟರ್ ಜಾಲದ ಲೆಕ್ಕ ತೋರಿಸುವ ಒಂದು ದೊಡ್ಡ ಪರದೆ ಹಾಕಿಸಿ ಹೋಗಿದ್ದರು. ಅದರಲ್ಲಿ ಬರುವ ಮಾತೆಲ್ಲ ಕಂಪ್ಯೂಟರಿನವರ ಭಾಷೆಯಲ್ಲೇ ಇದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ನಾಲ್ಕು ದಿನ ಬೆರಗಿನಿಂದ ನೋಡಿ, ಐದನೆಯ ದಿನ ಅದರ ಮೂಲೆಗೆ ಯಾರಾದರೂ ಕೊಡೆ ನೇತುಹಾಕಿ ಸುಮ್ಮನಾಗುತ್ತಿದ್ದರು. ಆದರೆ ಯಾರೋ ಪುಣ್ಯಾತ್ಮರು ಎಲ್ಲರಿಗೂ ತಿಳಿಯಲಿ ಎಂದು ಅದನ್ನು ಆಡುಮಾತಿಗೆ ತಂದುಬಿಟ್ಟಿದ್ದರು. ಎಡವಟ್ಟಾದದ್ದೇ ಅಲ್ಲಿ.

ಮರುದಿನ ಬೆಳಗ್ಗೆ ಕಚೇರಿ ತೆರೆದಾಗ ಪರದೆಯ ಮೇಲೆ ನಾಲ್ಕು ಚೌಕಗಳಿದ್ದವು. ಒಳಬಂದದ್ದು. ಹೊರಹೋದದ್ದು. ಕೈಬಿಟ್ಟ ಪ್ಯಾಕೆಟ್ಟುಗಳು. ತಪ್ಪುಗಳು. ಮೊದಲ ಮೂರು ಹಸಿರು ಬಣ್ಣದಲ್ಲಿದ್ದವು. ನಾಲ್ಕನೆಯದು ಕೆಂಪು, ಮತ್ತು ಅದರ ಅಂಕಿ ಒಲೆಯ ಮೇಲೆ ಮರೆತ ಹಾಲಿನ ಹಾಗೆ ಏರುತ್ತಲೇ ಇತ್ತು.

ಪರದೆಯ ಮುಂದೆ ಜನ ಸೇರಿದ್ದರು. ತಂತಿರಾಯ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಎಲ್ಲರ ಕತ್ತೂ ಒಟ್ಟಿಗೆ ಅವನತ್ತ ತಿರುಗಿತು.

ತಂತಿರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆತ ದೂರು ವಿಭಾಗದ ಗುಮಾಸ್ತ. ಹಿಂದೊಮ್ಮೆ ಕಚೇರಿಗೆ ಕಂಪ್ಯೂಟರ್ ತಂತಿ ಎಳೆಯುವವರು ಬಂದಾಗ ಏಣಿ ಅಲ್ಲಾಡದಂತೆ ಹಿಡಿದುಕೊಂಡು ನಿಂತವನು ಅವನೊಬ್ಬನೇ. ಏಣಿ ಹಿಡಿದವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಸಾಹೇಬರು ಇಡೀ ನೆಟ್‌ವರ್ಕಿನ ಉಸ್ತುವಾರಿಯನ್ನು ಅವನ ಕೊರಳಿಗೆ ಕಟ್ಟಿದರು. ಪಾಪದವನು, ಅಷ್ಟಿಷ್ಟು ಓದಿ, ಅವರಿವರನ್ನು ಕೇಳಿ ಕೆಲಸ ಕಲಿತ. ಕಲಿತದ್ದು ಇನ್ನೂ ದೊಡ್ಡ ತಪ್ಪಾಯಿತು. ಆಮೇಲೆ ಯಾರೂ ಅವನನ್ನು ಬಿಡಲಿಲ್ಲ.

ಅವನಿಗೋ ಬಿಡಿಸಿಕೊಂಡು ಹೋಗುವುದೇ ಬೇಕಾಗಿತ್ತು. ಹೆಂಡತಿ ಹೊಳೆಯಾಚೆಯ ಊರಿನಲ್ಲಿ ಶಾಲೆಯ ಟೀಚರು. ಪುಟ್ಟ ಮಗಳೂ ಅಲ್ಲೇ. ಇವನು ವಾರಕ್ಕೊಮ್ಮೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋದರೆ, ಮಗಳು ಒಂದು ಗಳಿಗೆ ಬಾಗಿಲ ಹಿಂದೆ ನಿಂತು ಇವನನ್ನು ಅಳೆದು ನೋಡಿ, ಆಮೇಲೆ ಹತ್ತಿರ ಬರುತ್ತಿದ್ದಳು. ಆ ಒಂದು ಗಳಿಗೆ ಅವನ ಎದೆಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹೊಳೆಯಾಚೆ ಇದೇ ಇಲಾಖೆಯ ಚಿಕ್ಕ ಕಚೇರಿಯೊಂದಿತ್ತು. ಅಲ್ಲಿಗೆ ವರ್ಗ ಮಾಡಿಕೊಡಿ ಎಂದು ಅವನು ಬರೆದುಕೊಂಡಿದ್ದ. ಆ ದಿನ ಮಧ್ಯಾಹ್ನ ಕೇಂದ್ರ ಕಚೇರಿಯ ನಿರ್ದೇಶಕಿಯವರು ಸಾಹೇಬರಿಗೆ ಫೋನು ಮಾಡುವವರಿದ್ದರು. ವರ್ಗದ ಮಾತು ಅಲ್ಲೇ ಇತ್ಯರ್ಥವಾಗುವುದಿತ್ತು. ಒಂದು ಒಳ್ಳೆಯ ಮಾತು ಹಾಕುತ್ತೇನೆಂದು ಸಾಹೇಬರು ಒಪ್ಪಿಕೊಂಡಿದ್ದರು.

ಮೊದಲು ಮುಂದೆ ಬಂದವರು ಲೆಕ್ಕದ ಮೇಡಂ. ಇಡೀ ಸೇವೆಯಲ್ಲಿ ಒಂದು ಮೊತ್ತವೂ ತಪ್ಪಿಲ್ಲ ಎಂಬುದು ಅವರ ಆಸ್ತಿ.

"ಏನ್ರೀ ತಂತಿರಾಯರೇ, ಇಷ್ಟೊಂದು ತಪ್ಪು ಯಾರು ಮಾಡಿದ್ದು? ಹೆಸರು ಹಾಕಿಲ್ಲ ಅಂದ್ರೆ ಎಲ್ಲರ ತಲೆಗೂ ಬರುತ್ತಲ್ಲ."

"ಮೇಡಂ, ಅದು ಮನುಷ್ಯರು ಮಾಡಿದ ತಪ್ಪಲ್ಲ."

"ಮತ್ತೆ ದೆವ್ವ ಮಾಡ್ತಾ?"

ಅಷ್ಟರಲ್ಲಿ ಟಪಾಲಣ್ಣ ಅವರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ರವಾನೆ ವಿಭಾಗದಲ್ಲಿ ತಲೆ ನರೆಸಿಕೊಂಡ ಹಿರಿಯರು. ಗೋಂದು ಮತ್ತು ದಾರ ಅವರ ಆಯುಧ. ಅವರ ಬೆರಳು ಮೂರನೆಯ ಚೌಕದ ಮೇಲಿತ್ತು.

"ಕೈಬಿಟ್ಟ ಪ್ಯಾಕೆಟ್ಟು ಅಂತ ಬರೆದಿದೆ. ನೋಡಪ್ಪ, ನನ್ನ ಕೈಯಿಂದ ಇವತ್ತಿನವರೆಗೆ ಒಂದು ಲಕೋಟೆ ಜಾರಿಲ್ಲ. ಊರೆಲ್ಲ ನೋಡೋ ಹಂಗೆ ಗೋಡೆ ಮೇಲೆ ಹಾಕಿ ಮಾನ ಕಳೀತೀಯಲ್ಲ, ನಾನು ನಿನಗೇನು ಮಾಡಿದ್ದೆ?"

ತಂತಿರಾಯ ಡಬ್ಬಿ ಕೆಳಗಿಟ್ಟು ತಾಳ್ಮೆಯಿಂದ ಹೇಳಿದ. "ಅಣ್ಣಾ, ಅದು ನಿಮ್ಮ ಪ್ಯಾಕೆಟ್ಟಲ್ಲ. ಕಂಪ್ಯೂಟರು ಏನೇ ಕಳಿಸಿದ್ರೂ ಚೂರು ಚೂರು ಮಾಡಿ ಕಳಿಸುತ್ತೆ. ಆ ಚೂರಿಗೇ ಪ್ಯಾಕೆಟ್ಟು ಅಂತಾರೆ. ದಾರೀಲಿ ಕೆಟ್ಟುಹೋದ ಚೂರನ್ನ ತಪ್ಪು ಅಂತ ಎಣಿಸ್ಕೊಂಡು, ಇನ್ನೊಂದು ಸಲ ಕೇಳಿ ತರಿಸ್ಕೊಳುತ್ತೆ. ಅದಕ್ಕೇ ಒಂದು ವಾರದಿಂದ ಎಲ್ಲ ನಿಧಾನ."

"ಚೂರು ಚೂರು ಮಾಡಿ ಕಳಿಸೋದೇ ಮೊದಲನೇ ತಪ್ಪು," ಎಂದರು ಟಪಾಲಣ್ಣ. "ಒಂದು ಕಟ್ಟು ಕಟ್ಟಿ ಕಳಿಸಿದ್ರೆ ಯಾಕೆ ಬೀಳುತ್ತೆ?"

ಸಭೆ ಅವರ ಪರವಾಗಿ ತಲೆದೂಗಿತು.

ಬೆಳಗ್ಗೆಯೇ ಬಂದು ಕೋಣೆಯಲ್ಲಿ ಕೂತಿದ್ದ ಸಾಹೇಬರು ಹೊರಗೆ ಬಂದರು. ಪರದೆ ನೋಡಿದರು. ಕೆಂಪು ಅಂಕಿ ಅಷ್ಟರಲ್ಲಿ ಚೌಕದ ಅಂಚು ಮುಟ್ಟಿತ್ತು. ಅವರ ಮುಖ ಬೇಸಿಗೆಯ ಕೊಳಾಯಿಯ ಹಾಗೆ ಒಣಗಿತು.

"ಇದೇ ಅಂಕಿ ನಿರ್ದೇಶಕಿಯವರ ಮೇಜಿನ ಮೇಲೂ ಕಾಣುತ್ತೆ ಅಲ್ವೇನ್ರೀ?"

"ಹೌದು ಸಾರ್. ಎಲ್ಲ ಕಚೇರಿಯದ್ದೂ ಕಾಣುತ್ತೆ."

"ಮಧ್ಯಾಹ್ನದೊಳಗೆ ಇದು ಹೋಗಬೇಕು. ಇಷ್ಟು ತಪ್ಪು ತಲೆ ಮೇಲೆ ಇಟ್ಕೊಂಡು ನಿಮ್ಮ ವರ್ಗದ ವಿಷಯ ನಾನು ಯಾವ ಬಾಯಲ್ಲಿ ಎತ್ತಲಿ?"

ಸಾಹೇಬರು ಅಪ್ಪಟ ನೀರಿನ ಮನುಷ್ಯ. ಅವರಿಗೆ ತಿಳಿಯುವಂತೆ ಹೇಳಬೇಕೆಂದು ತಂತಿರಾಯ ಅವರದೇ ದಾರಿ ಹಿಡಿದ. "ಸಾರ್, ಇದೂ ಪೈಪಿನ ಲೆಕ್ಕವೇ. ಇಷ್ಟು ಒಳಗೆ ಬರುತ್ತೆ, ಇಷ್ಟು ಹೊರಗೆ ಹೋಗುತ್ತೆ. ಮಧ್ಯೆ ಎಲ್ಲೋ ಒಂದು ಕಡೆ ಹಾಳಾಗ್ತಿದೆ."

ಸಾಹೇಬರ ಕಣ್ಣು ಅರಳಿತು. "ಸೋರಿಕೆ ಅಂತ ಹೇಳಬಾರದೇನ್ರೀ, ಇಷ್ಟೊತ್ತು ಸುತ್ತಿ ಬಳಸಿ. ಫಿಟ್ಟರನ್ನ ಕರೀರಿ."

ಫಿಟ್ಟರ್ ಬಂದ. ನೆಲದಡಿಯ ಪೈಪು ಸೋರಿದರೆ ಸದ್ದು ಕೇಳಿ ಜಾಗ ಹೇಳುವ ಕಬ್ಬಿಣದ ಸಲಾಕೆಯೊಂದು ಅವನ ಬಳಿ ಇತ್ತು. ಅದರ ಒಂದು ತುದಿಯನ್ನು ಗೋಡೆಯುದ್ದಕ್ಕೂ ಹೋದ ನೀಲಿ ತಂತಿಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಂತ. ಕಚೇರಿಯೆಲ್ಲ ಉಸಿರು ಹಿಡಿದಿತ್ತು.

"ನೀರೇ ಬರ್ತಿಲ್ಲ ಸಾರ್ ಇದರಲ್ಲಿ," ಎಂದ ಫಿಟ್ಟರ್. ಆದರೂ ಬಂದ ತಪ್ಪಿಗೆ ಕೀಲಿದ್ದಲ್ಲೆಲ್ಲ ಬಿಳಿ ಟೇಪು ಸುತ್ತಿ ಹೋದ. ಕೆಂಪು ಅಂಕಿಗೆ ಟೇಪಿನ ಪರಿವೆಯೇ ಇರಲಿಲ್ಲ.

ಆಮೇಲೆ ಎಲ್ಲರೂ ಸಹಾಯಕ್ಕೆ ನಿಂತರು. ಸಹಾಯ ಶುರುವಾದ ಮೇಲೆ ತಂತಿರಾಯನ ಪಾಡು ನಾಯಿಪಾಡಾಯಿತು. ಲೆಕ್ಕದ ಮೇಡಂ ಯಾರೂ ತಮಗೆ ತೋರಿಸದೆ ಒಂದು ಸಾಲನ್ನೂ ಕಳಿಸಕೂಡದೆಂದು ಆಜ್ಞೆ ಮಾಡಿ, ಪ್ರತಿ ಪತ್ರದ ಒತ್ತಕ್ಷರ ತಿದ್ದುತ್ತ ಕೂತರು. ಟಪಾಲಣ್ಣ ಮೇಜಿನಿಂದ ಮೇಜಿಗೆ ಹೋಗಿ, "ನಿಧಾನ, ನಿಧಾನ. ಒಂದೊಂದೇ ಅಕ್ಷರ ಒತ್ತಿ. ಅವಸರಕ್ಕೇ ಬೀಳೋದು ಅವು," ಎಂದು ಬುದ್ಧಿ ಹೇಳಿದರು. ಇಡೀ ಕಚೇರಿ ಒಂದೇ ಬೆರಳಿನಲ್ಲಿ, ಬಿಸಿ ಕಾವಲಿ ಮುಟ್ಟುವವರ ಹಾಗೆ ಅಕ್ಷರ ಒತ್ತತೊಡಗಿತು. ಬಿಲ್ಲು ಕಟ್ಟಲು ಬಂದವರ ಸಾಲು ಬಾಗಿಲು ದಾಟಿ ಮೆಟ್ಟಿಲಿಗಿಳಿಯಿತು.

"ನಲ್ಲೀಲಿ ನೀರು ನಿಧಾನ ಅಂತ ಹೇಳೋಕೆ ಬಂದೆ," ಎಂದು ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಪಕ್ಕದವರಿಗೆ ಹೇಳಿದಳು. "ಇಲ್ಲಿ ನೋಡಿದ್ರೆ ಇವರೇ ನಿಧಾನ."

ಅಂಕಿ ಏರುತ್ತಲೇ ಇತ್ತು.

ಕೊನೆಗೆ ದಾರಿ ತೋರಿದವರು ಸಾಹೇಬರೇ. "ಸೋರೋ ಕವಲು ಯಾವುದು ಅಂತ ಗೊತ್ತಾಗಬೇಕಾದ್ರೆ ಒಂದೊಂದೇ ವಾಲ್ವು ಮುಚ್ಚುತ್ತಾ ಹೋಗಬೇಕು ಕಣ್ರೀ. ಯಾವುದು ಮುಚ್ಚಿದಾಗ ಸೋರಿಕೆ ನಿಲ್ಲುತ್ತೋ ಅದೇ ಕಳ್ಳ. ನನ್ನ ರೂಮಿನದೊಂದು ಬಿಟ್ಟು ಎಲ್ಲ ಕಿತ್ತು ನೋಡಿ."

ಮಾತು ಸರಿಯಾಗಿಯೇ ಇತ್ತು. ತಂತಿರಾಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಎಲ್ಲ ತಂತಿಗಳೂ ಬಂದು ಸೇರುವ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಟಪಾಲಣ್ಣ ಪರದೆಯ ಕೆಳಗೆ ನಿಂತು ಕೂಗಿ ಹೇಳುವುದೆಂದಾಯಿತು.

ದೂರು ವಿಭಾಗದ ತಂತಿ ಕಿತ್ತ. "ಏರ್ತಿದೆ," ಎಂದರು ಟಪಾಲಣ್ಣ.

ಬಿಲ್ಲಿನ ಕಿಂಡಿಯದು ಕಿತ್ತ. "ಏರ್ತಿದೆ." ಕಿಂಡಿಯ ಮುಂದಿದ್ದವರು ಕಿಂಡಿ ಬಡಿಯತೊಡಗಿದರು.

ಲೆಕ್ಕದ ವಿಭಾಗದ್ದು ಕಿತ್ತ. "ಏರ್ತಿದೆ." ಅದರ ಹಿಂದೆಯೇ ಲೆಕ್ಕದ ಮೇಡಂ ಧ್ವನಿ ಬಂತು: "ರೀ ತಂತಿರಾಯರೇ, ಬೆಳಗ್ಗೆಯಿಂದ ಕೂಡಿಸಿದ್ದು ಎಲ್ಲಿಗೆ ಹೋಯ್ತು?" ಅವನು ಗೂಡಿನೊಳಗೆ ಇನ್ನಷ್ಟು ಮುದುಡಿ ಕೂತ.

ರವಾನೆಯದು ಕಿತ್ತಾಗ ಮಾತ್ರ ಟಪಾಲಣ್ಣ, "ಏರ್ತಿದೆ, ಏರ್ತಿದೆ," ಎಂದು ಎರಡು ಸಲ ಹೇಳಿದರು. ಅವರ ಧ್ವನಿಯಲ್ಲಿ ಖುಲಾಸೆಯಾದವನ ಸಂತೋಷವಿತ್ತು.

ಪರದೆಯದೂ ಹೊರಗಿನ ಲೈನಿನದೂ ಬಿಟ್ಟರೆ ಪೆಟ್ಟಿಗೆಯಲ್ಲಿ ಒಂದೇ ಒಂದು ತಂತಿ ಉಳಿಯಿತು. ಆ ತಂತಿ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

"ಹೋಗಿ ಹೇಳಪ್ಪ," ಎಂದರು ಟಪಾಲಣ್ಣ ಮೆಲ್ಲಗೆ. "ನೀನೇ ಅಲ್ವಾ ಏಣಿ ಹಿಡಿದಿದ್ದು."

ತಂತಿರಾಯ ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತ. ಸಾಹೇಬರು ವಾರದ ಹಿಂದೆ ಬಂದ, ಗಾಲಿಗಳಿದ್ದ ತಿರುಗುಕುರ್ಚಿಯಲ್ಲಿ ಕೂತು, ಮೇಲಿನ ನೀರಿನ ಟ್ಯಾಂಕಿಗೆ ಹಾಕಿಸಿದ್ದ ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದರು. ದಿನವಿಡೀ ಅದು ಓಡುತ್ತಲೇ ಇರುತ್ತಿತ್ತು; ನೀರು ಕಂಡರೆ ಅವರ ಮನಸ್ಸಿಗೆ ನೆಮ್ಮದಿ. ಯೋಚನೆ ಹತ್ತಿದರೆ ಅವರು ಕುರ್ಚಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದರು. ಈಗಲೂ ತಿರುಗಿಸಿದರು.

"ಏರ್ತಿದೆ," ಎಂಬ ಕೂಗು ಹಜಾರದಿಂದ ಬಂತು.

ಸಾಹೇಬರು ಕೂಗಿಗೆ ಬೆಚ್ಚಿ ನಿಲ್ಲಿಸಿದರು.

"ನಿಂತಿತು."

ಮತ್ತೆ ತಿರುಗಿದರು.

"ಏರ್ತಿದೆ."

ತಂತಿರಾಯನ ಕಣ್ಣು ಕೆಳಗೆ ಹೋಯಿತು. ಕುರ್ಚಿಯ ಗಾಲಿಯಡಿ ನೀಲಿ ತಂತಿ ಚಪಾತಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ನಾಲಿಗೆ ಬುದ್ಧಿಗಿಂತ ಮುಂದೆ ಓಡಿತು.

"ಸಾರ್, ಗೊತ್ತಾಯ್ತು. ತಾವು ಯೋಚನೆ ಮಾಡಿದಾಗಲೆಲ್ಲ ತಪ್ಪು ಹೆಚ್ಚಾಗ್ತಾ ಇದೆ."

ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ಲೆಕ್ಕದ ಮೇಡಂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಯಾರೋ ಕೆಮ್ಮಿದರು, ಆ ಕೆಮ್ಮು ಒಬ್ಬರಿಂದೊಬ್ಬರಿಗೆ ಹರಡಿತು.

ಸಾಹೇಬರ ಕಿವಿಯ ತುದಿ ಕೆಂಪಾಯಿತು. "ಏನಂದ್ರಿ?"

"ಕುರ್ಚಿ ಸಾರ್. ಯೋಚನೆ ಅಲ್ಲ, ಕುರ್ಚಿ. ತಾವು ಯೋಚನೆ ಮಾಡಿ, ಎಷ್ಟು ಬೇಕಾದರೂ ಮಾಡಿ. ಕುರ್ಚಿ ಮಾತ್ರ ಅಲ್ಲಾಡಿಸಬೇಡಿ."

ಮುಂದಿನ ಮಾತಿಗೆ ಎಡೆಗೊಡದೆ ಅವನು ಮೇಜಿನಡಿ ತೂರಿಕೊಂಡ. ಕಚೇರಿಯಲ್ಲಿ ಬೇರೆ ತಂತಿ ಇರಲಿಲ್ಲ. ತನ್ನ ಕಂಪ್ಯೂಟರಿನದನ್ನೇ ಬಿಚ್ಚಿ ತಂದು ಹಾಕಿದ. ಹಾಕುವಾಗ ಸಾಹೇಬರು ಅವಮಾನದ ಯೋಚನೆಯಲ್ಲಿ ಒಂದು ಸಲ ತಿರುಗಿದ್ದರಿಂದ ಅವನ ಕಿರುಬೆರಳು ಗಾಲಿಗೆ ಸಿಕ್ಕಿತು. ಅವನು ಅದನ್ನು ಬಾಯಿಗಿಟ್ಟುಕೊಂಡು ಹೊರಗೆ ಬಂದ. ಕಿತ್ತ ತಂತಿಗಳನ್ನೆಲ್ಲ ಮತ್ತೆ ಚುಚ್ಚಿದ. ಕಿಂಡಿ ತೆರೆಯಿತು. ಸಾಲು ಕರಗತೊಡಗಿತು. ವಾರದಿಂದ ಆಮೆಯಂತೆ ನಡೆಯುತ್ತಿದ್ದ ಕಂಪ್ಯೂಟರುಗಳು ಕಟ್ಟು ಬಿಚ್ಚಿದ ಕರುಗಳ ಹಾಗೆ ಓಡಿದವು.

ಪರದೆಯ ಮೇಲಿನ ಕೆಂಪು ಅಂಕಿ ಇದ್ದಲ್ಲೇ ನಿಂತಿತು.

"ನೋಡಿ, ಒಂದೂ ಏರ್ತಿಲ್ಲ," ಎಂದ ತಂತಿರಾಯ.

"ಇಳೀತಾನೂ ಇಲ್ವಲ್ಲ," ಎಂದರು ಲೆಕ್ಕದ ಮೇಡಂ.

"ಅದು ಹಳೇದು ಮೇಡಂ. ಪೆಟ್ಟಿಗೆ ಶುರುವಾದಾಗಿನಿಂದ ಆದದ್ದನ್ನೆಲ್ಲ ಕೂಡಿಸ್ಕೊಂಡೇ ಬಂದಿರುತ್ತೆ. ಮೊತ್ತ ಎಷ್ಟು ಅನ್ನೋದು ಮುಖ್ಯ ಅಲ್ಲ. ಈಗ ಏರ್ತಿದೆಯಾ ಇಲ್ವಾ ಅನ್ನೋದನ್ನ ನೋಡಬೇಕು."

"ಮೊತ್ತ ಮುಖ್ಯ ಅಲ್ಲ," ಎಂದು ಮೇಡಂ ಅವನ ಮಾತನ್ನು ಕಸದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಲೆಕ್ಕದ ವಿಭಾಗದವರ ಎದುರು ನಿಂತು ಈ ಮಾತಾಡ್ತೀರಲ್ಲ."

ಸಾಹೇಬರೂ ಒಪ್ಪಲಿಲ್ಲ. ಮಾಡಿದ ತಪ್ಪು ಗೋಡೆಯ ಮೇಲೆ ಇರುವವರೆಗೆ ಮಾಡಿದ ಹಾಗೇ ಲೆಕ್ಕ. ನಿರ್ದೇಶಕಿಯವರು ಅದನ್ನು ನೋಡಿ ಯಾರ ತಪ್ಪು ಎಂದು ಕೇಳಿದರೆ, ಕುರ್ಚಿಯ ಕತೆಯನ್ನು ಅವರಿಗೆ ಹೇಳುವವರು ಯಾರು?

ತಂತಿರಾಯ ಬೇರೆ ದಾರಿಯಿಲ್ಲದೆ ಗೂಡಿಗೆ ಹೋಗಿ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸಿದ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು. ನಾಲ್ಕೂ ಚೌಕದಲ್ಲಿ ಸೊನ್ನೆ. ಮೊದಲಿನೆರಡು ಕೂಡಲೇ ಲವಲವಿಕೆಯಿಂದ ಏರತೊಡಗಿದವು. ಕೆಳಗಿನವು ಸೊನ್ನೆಯಾಗಿಯೇ ಉಳಿದವು. ಜನ ಚಪ್ಪಾಳೆ ತಟ್ಟಿದರು. ಟಪಾಲಣ್ಣ ಕಣ್ಣೊರೆಸಿಕೊಂಡು, "ನನ್ನ ಮಾನ ಉಳಿಸಿದೆ ಕಣಪ್ಪ," ಎಂದು ಅವನ ಬೆನ್ನು ಸವರಿದರು. ಬೆಳಗ್ಗೆಯಿಂದ ತಂತಿರಾಯನ ಮುಖದಲ್ಲಿ ಮೊದಲ ಬಾರಿ ನಗೆ ಮೂಡಿತು.

ಹೇಳಿದ ಹೊತ್ತಿಗೆ ಫೋನು ಬಂತು. ಸಾಹೇಬರು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ತಂತಿರಾಯನನ್ನು ಎದುರು ನಿಲ್ಲಿಸಿಕೊಂಡರು.

"ಏನು ಪವಾಡ ಮಾಡಿದ್ರಿ?" ನಿರ್ದೇಶಕಿಯವರ ಧ್ವನಿ ಪ್ರಸನ್ನವಾಗಿತ್ತು. "ಬೆಳಗ್ಗೆ ನಿಮ್ಮ ಕಚೇರಿ ಎಲ್ಲಕ್ಕಿಂತ ಕಡೇಲಿತ್ತು. ಈಗ ಎರಡನೇ ಸ್ಥಾನದಲ್ಲಿದೆ."

"ಎಲ್ಲ ನಮ್ಮ ತಂತಿರಾಯರ ಶ್ರಮ ಮೇಡಂ," ಎಂದರು ಸಾಹೇಬರು. ಕುರ್ಚಿಯ ವಿಷಯ ಬಾರದೆ ಉಳಿದದ್ದಕ್ಕೆ ಅವರಲ್ಲಿ ಉದಾರತೆ ಉಕ್ಕಿತ್ತು. "ಅವರದೊಂದು ಕೋರಿಕೆ ಇತ್ತು. ಹೊಳೆಯಾಚೆ ಕಚೇರಿಗೆ ವರ್ಗ ಬೇಕಂತೆ. ಹೆಂಡತಿ ಮಗಳು ಅಲ್ಲಿದ್ದಾರೆ. ಕೊಟ್ರೆ ಒಳ್ಳೇದು."

"ಕೊಡಬಹುದಿತ್ತು. ಆದರೆ ಮೊದಲನೇ ಸ್ಥಾನದಲ್ಲಿರೋದೇ ಆ ಕಚೇರಿ. ನೋಡಿ, ತಿಂಗಳಿಂದ ಅಲ್ಲಿ ಒಂದೂ ತಪ್ಪಿಲ್ಲ. ಒಂದು ಪ್ಯಾಕೆಟ್ಟೂ ಕೈಬಿಟ್ಟಿಲ್ಲ. ಅಂಥ ಕಡೆ ಇವರು ಹೋಗಿ ಏನು ಮಾಡ್ತಾರೆ? ತಪ್ಪು ಹೆಚ್ಚಿರೋ ಕಡೆ ಇವರಂಥವರು ಬೇಕು."

ಸಾಹೇಬರ ಕಂಪ್ಯೂಟರಿನಲ್ಲಿ ಎಲ್ಲ ಕಚೇರಿಗಳ ಅಂಕಿಗಳೂ ಕಾಣುತ್ತಿದ್ದವು. ತಂತಿರಾಯ ಬಗ್ಗಿ ನೋಡಿದ. ಹೊಳೆಯಾಚೆಯ ಕಚೇರಿಯ ಸಾಲಿನಲ್ಲಿ ತಪ್ಪು ಸೊನ್ನೆ. ಕೈಬಿಟ್ಟದ್ದು ಸೊನ್ನೆ. ಒಳಬಂದದ್ದು ಸೊನ್ನೆ. ಹೊರಹೋದದ್ದೂ ಸೊನ್ನೆ.

ಜನ್ಮದಲ್ಲಿ ದೊಡ್ಡವರ ಮಾತಿಗೆ ಎದುರಾಡದವನು ಫೋನಿನ ಕಡೆ ಬಾಗಿದ.

"ಮೇಡಂ, ಕ್ಷಮಿಸಬೇಕು. ಅಲ್ಲಿ ತಪ್ಪು ಯಾಕಿಲ್ಲ ಅಂದ್ರೆ, ಅಲ್ಲಿ ಏನೂ ಓಡ್ತಾನೇ ಇಲ್ಲ. ಬಂದದ್ದೂ ಸೊನ್ನೆ, ಹೋದದ್ದೂ ಸೊನ್ನೆ. ರಸ್ತೇಲಿ ಗಾಡಿನೇ ಇಲ್ದಿದ್ರೆ ಅಪಘಾತ ಎಲ್ಲಿಂದ ಬರುತ್ತೆ? ಆ ಕಚೇರಿ ಲೈನು ಸತ್ತು ತಿಂಗಳಾಗಿದೆ."

ಆ ಕಡೆ ಕಾಗದ ಮಗುಚುವ ಸದ್ದಾಯಿತು. "ಅಯ್ಯೋ, ಹೌದಲ್ಲ," ಎಂದರು ನಿರ್ದೇಶಕಿಯವರು. "ನಾನು ಕೆಂಪು ಚೌಕ ಮಾತ್ರ ನೋಡ್ತಿದ್ದೆ. ತಿಂಗಳಿಂದ ಲೈನು ಸತ್ತಿದ್ರೂ ಅಲ್ಲಿಂದ ಒಬ್ಬರೂ ದೂರು ಕೊಟ್ಟಿಲ್ವಾ?"

"ಇಲ್ಲ ಮೇಡಂ," ಎಂದ ತಂತಿರಾಯ ಉತ್ಸಾಹದಿಂದ. ದಡ ಕಾಣುತ್ತಿತ್ತು. "ಅದಕ್ಕೇ ಅಲ್ಲಿಗೊಬ್ಬ ಗೊತ್ತಿರೋನು ಬೇಕು."

"ಅಂದ್ರೆ, ಅಲ್ಲಿ ಒಂದು ತಿಂಗಳಿಂದ ಏನೂ ಕೆಲಸ ಆಗಿಲ್ಲ. ಆಗದೇ ಇದ್ರೂ ಊರಿನವರಿಗೆ ಏನೂ ತೊಂದರೆ ಆಗಿಲ್ಲ."

"ಹೌದು ಮೇಡಂ," ಎಂದುಬಿಟ್ಟ ತಂತಿರಾಯ, ಮಾತಿನ ತುದಿ ಎಲ್ಲಿಗೆ ಹೋಗುತ್ತಿದೆಯೆಂದು ನೋಡದೆ.

"ಹಾಗಿದ್ರೆ ಆ ಕಚೇರಿಯಾದರೂ ಯಾಕೆ ಬೇಕು? ಒಂದೆರಡು ಕಚೇರಿ ಕಡಿಮೆ ಮಾಡಿ ಅಂತ ಮೇಲಿನಿಂದ ಒತ್ತಾಯ ಇದ್ದೇ ಇತ್ತು. ಯಾವುದನ್ನ ಮುಚ್ಚೋದು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ. ಇವತ್ತೇ ಹೇಳಿಬಿಡ್ತೀನಿ. ಅಲ್ಲಿನವರನ್ನೆಲ್ಲ ನಿಮ್ಮಲ್ಲಿಗೇ ಹಾಕ್ತೀನಿ. ಅಷ್ಟು ಜನ ಬಂದ ಮೇಲೆ ಹೊಸದಾಗಿ ತಂತಿ ಎಳೀಬೇಕು, ಇವರನ್ನ ಎಲ್ಲಿಗೂ ಬಿಡಬೇಡಿ. ತುಂಬ ಉಪಕಾರವಾಯ್ತು ಕಣ್ರಿ."

ಫೋನು ಕಟ್ಟಾಯಿತು. ಸಾಹೇಬರು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದರು.

ಸಂಜೆ ತಂತಿರಾಯ ತನ್ನ ಬಾಡಿಗೆ ಕೋಣೆಯಲ್ಲಿ ಬಹಳ ಹೊತ್ತು ಫೋನು ಕೈಯಲ್ಲಿ ಹಿಡಿದು ಕೂತಿದ್ದ. ಹೆಂಡತಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿರುವಾಗ ಅವಳೇ ಕರೆ ಮಾಡಿದಳು.

"ರೀ, ವಿಷಯ ಗೊತ್ತಾಯ್ತಾ? ಇಲ್ಲಿ ನೀರಿನ ಕಚೇರಿ ಮುಚ್ಚಿಬಿಟ್ರಂತೆ. ನಿಮ್ಮ ವರ್ಗ ಹೋಯ್ತು ಬಿಡಿ."

"ಹೂಂ. ಕೇಳಿದೆ."

"ಎಲ್ಲ ಚೆನ್ನಾಗೇ ನಡೀತಿತ್ತಂತೆ. ಯಾರೋ ಒಬ್ಬ ಮಹಾನುಭಾವ ನಿರ್ದೇಶಕಿಗೆ ಫೋನಲ್ಲಿ ಇಲ್ಲದ್ದು ಸಲ್ಲದ್ದು ಹೇಳಿದನಂತೆ. ನಮ್ಮ ಮನೆ ಮಾಲೀಕರು ಆ ಕಚೇರೀಲೇ ಅಲ್ವಾ ಕೆಲಸಕ್ಕಿರೋದು, ಮಧ್ಯಾಹ್ನದಿಂದ ಅನ್ನ ನೀರು ಮುಟ್ಟಿಲ್ಲ, ಕೆಂಡ ಆಗಿದ್ದಾರೆ. ಅವರನ್ನ ನಿಮ್ಮ ಆಫೀಸಿಗೇ ಹಾಕಿದ್ದಾರೆ."

"ಪಾಪ."

"ಪಾಪ ಅಂತಲೇ ನಾನೂ ಹೇಳಿದೆ, ಈ ವಯಸ್ಸಲ್ಲಿ ಎಲ್ಲಿ ಮನೆ ಹುಡುಕ್ತೀರಿ, ನಮ್ಮನೆಯವರು ರೂಮಲ್ಲಿ ಒಬ್ಬರೇ ಇರೋದು, ಅಲ್ಲೇ ಇದ್ದುಬಿಡಿ ಅಂತ. ಎಷ್ಟು ಖುಷಿಪಟ್ರು ಗೊತ್ತಾ? ಬಾಡಿಗೇಲಿ ಸ್ವಲ್ಪ ಬಿಡ್ತೀನಿ ಅಂದ್ರು."

"ಎಷ್ಟು ದಿನಕ್ಕೆ?"

"ದಿನ ಏನು ಬಂತು, ನಿವೃತ್ತಿ ಆಗೋವರೆಗೆ. ಅವರದೊಂದೇ ಆಸೆಯಂತೆ, ಅಲ್ಲಿಗೆ ಬಂದ ಮೇಲೆ ಆ ಮನುಷ್ಯ ಯಾರು ಅಂತ ಪತ್ತೆ ಹಚ್ಚಬೇಕಂತೆ. ನೀವು ಅದೇ ಆಫೀಸಲ್ಲಿರೋರು, ಹುಡುಕೋಕೆ ನೀವೇ ಸಹಾಯ ಮಾಡ್ತೀರಿ ಅಂತ ಮಾತು ಕೊಟ್ಟಿದ್ದೀನಿ. ಬೆಳಗಿನ ಬಸ್ಸಿಗೇ ಹೊರಡ್ತಾರೆ. ಹಾಸಿಗೆ ಅವರೇ ತರ್ತಾರಂತೆ, ದಿಂಬು ಮಾತ್ರ ನೀವು ಕೊಡಬೇಕು."

ತಂತಿರಾಯ ತನ್ನ ಮಂಚದ ಕಡೆ ನೋಡಿದ. ದಿಂಬು ಇದ್ದದ್ದು ಒಂದೇ.